ಬಸ್ಸಿನಲ್ಲಿ ಕೂತು ಕೆತ್ತಿದ ಅಕ್ಷರ

ಆ ಅಂಗಡಿಯಲ್ಲಿ ದಿನದ ಕೆಲಸ ಶುರುವಾಗುತ್ತಿದ್ದುದು ಒಂದು ಗೆರೆಯಿಂದ. ಷಟರ್ ಎತ್ತಿ, ನೆಲ ಗುಡಿಸಿ, ಗಾಜಿನ ಕಪಾಟಿನಲ್ಲಿದ್ದ ಬಹುಮಾನದ ಕಪ್ಪುಗಳನ್ನೂ ಶೀಲ್ಡುಗಳನ್ನೂ ಒರೆಸಿಟ್ಟ ಮೇಲೆ, ಕೆತ್ತಲು ಕೂರುವವರು ಮೊದಲು ಒಂದು ಹಳೆಯ ಹಿತ್ತಾಳೆ ತಗಡಿನ ಮೇಲೆ ಉಳಿಯಿಂದ ಉದ್ದಕ್ಕೆ ಒಂದು ಗೆರೆ ಎಳೆಯಬೇಕು. ಉಳಿಯ ಮೊನೆ ಮೊಂಡಾಗಿದೆಯೇ, ಬೆಳಕು ಸರಿಯಾಗಿ ಬೀಳುತ್ತಿದೆಯೇ, ಕೈ ಎದ್ದಿದೆಯೇ ಇನ್ನೂ ಮಲಗಿದೆಯೇ ಎಂದು ಆ ಒಂದು ಗೆರೆ ಹೇಳಿಬಿಡುತ್ತದೆ. ಆಮೇಲೆ ತಗಡನ್ನು ಮರಳುಕಾಗದದಿಂದ ತಿಕ್ಕಿ ನುಣುಪು ಮಾಡಿ ಮೂಲೆಗಿಡುವುದು. ನಾಳೆಗೆ ಮತ್ತೆ ಅದೇ ತಗಡು, ಹೊಸ ಗೆರೆ.

ಅತ್ತೆ ಆ ಮನೆಗೆ ಸೊಸೆಯಾಗಿ ಬಂದಾಗ ಇದನ್ನು ಅವರಿಗೆ ಕಲಿಸಿದ್ದು ಅವರ ಮಾವ. ಅತ್ತೆ ತಮ್ಮ ಸೊಸೆಗೆ ಕಲಿಸಿದರು. ನಡುವೆ ಮಗನಿಗೂ ಕಲಿಸಲು ನೋಡಿದ್ದುಂಟು. ಆದರೆ ಅವನ ಕೈಗೆ ಉಳಿ ಕೊಟ್ಟರೆ ಅದರಿಂದ ಯಾವುದಾದರೂ ಸ್ಕ್ರೂ ಬಿಚ್ಚಲು ಹೋಗುತ್ತಿದ್ದ. ಕೊನೆಗೆ ಲಿಫ್ಟ್ ರಿಪೇರಿಯವನಾಗಿ ಎಲ್ಲರಿಗೂ ನೆಮ್ಮದಿ ಕೊಟ್ಟ. ಸೊಸೆಯ ಕೈಯ ಜಾತಿಯೇ ಬೇರೆ. ಶೀಲ್ಡಿನ ಮೇಲೆ ಹೆಸರು ಕೆತ್ತಿದರೆ ಅದು ಲೋಹದೊಳಗೆ ಮೊದಲೇ ಇತ್ತು, ಇವಳು ಮೇಲಿನ ಪೊರೆ ತೆಗೆದಳಷ್ಟೆ ಎಂಬಂತಿರುತ್ತಿತ್ತು. ಅವಳು 'ಅತ್ತೆ, ಅತ್ತೆ' ಎಂದು ಕರೆಯುವುದನ್ನು ಕೇಳಿ ಕೇಳಿ ಬೀದಿಗೆಲ್ಲ ಅವರು ಅತ್ತೆಯೇ ಆಗಿಹೋಗಿದ್ದರು. ಅವರಿಗಿಂತ ಹಿರಿಯನಾದ ಎದುರಂಗಡಿಯ ಚಪ್ಪಲಿ ವ್ಯಾಪಾರಿ ಕೂಡ "ಅತ್ತೇ, ಸ್ವಲ್ಪ ಅಂಗಡಿ ನೋಡ್ಕೊಳ್ತಿರಿ, ಬಂದೆ" ಎಂದು ಕೂಗಿ ಹೋಗುತ್ತಿದ್ದ.

ಬೆಳಿಗ್ಗೆ ಮಹಡಿಯ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತ ನಿಂತಾಗ ಕೆಳಗೆ ಸೊಸೆ ಷಟರ್ ಎತ್ತುವ ಗಡಗಡ ಸದ್ದು ಕೇಳಿದರೆ ಅತ್ತೆಯ ಎದೆ ಹಗುರಾಗುತ್ತಿತ್ತು. ಬೇರೆಯವರಿಗೆ ಅದು ಷಟರ್ ಸದ್ದು. ಅವರಿಗೆ, ಇವತ್ತೂ ನಮ್ಮ ಹುಡುಗಿ ಎದ್ದಳು, ಇಳಿದಳು, ಕೆಲಸಕ್ಕೆ ಕೂತಳು ಎಂಬ ಸುದ್ದಿ. ಆ ಸುದ್ದಿಯ ಬೆಲೆ ಏನೆಂದು ಅವರಿಗೆ ಗೊತ್ತಿತ್ತು.

ಯಾಕೆಂದರೆ ಆ ಸದ್ದಿಲ್ಲದ ಕಾಲವೂ ಒಂದಿತ್ತು. ಮೊದಲ ಸಲ ಕಾಯಿಲೆ ಬಂದಾಗ ಅದು ಕಾಯಿಲೆ ಎಂದು ಯಾರಿಗೂ ಹೊಳೆಯಲಿಲ್ಲ, ಹುರುಪು ಎಂದುಕೊಂಡರು. ಸೊಸೆ ಮಾತಿಗೆ ಮಾತು ಪೋಣಿಸುತ್ತಿದ್ದಳು, ನಿದ್ದೆಯೇ ಬೇಡವಾಗಿತ್ತು, ಇನ್ನೊಂದು ಅಂಗಡಿ ತೆರೆಯಲು ಗಾಜಿನ ಕಪಾಟುಗಳಿಗೆ ಆರ್ಡರ್ ಕೊಟ್ಟು ಬಂದಿದ್ದಳು. ನೋಡಿದವರೆಲ್ಲ ಎಂಥ ಚಟುವಟಿಕೆಯ ಹೆಣ್ಣು ಎಂದರು. ಒಂದು ದಿನ ಕೈಯ ಬಳೆಗಳನ್ನು ಯಾರೋ ದಾರಿಹೋಕಳಿಗೆ ಬಿಚ್ಚಿಕೊಟ್ಟು, ಯಾವುದೋ ರೈಲು ಹತ್ತಿ, ಎಲ್ಲೋ ಒಂದು ಸ್ಟೇಷನ್ನಿನ ಬೆಂಚಿನ ಮೇಲೆ ಬರಿಗಾಲಲ್ಲಿ ಸಿಕ್ಕಳು. ಆಮೇಲೆ ಇಳಿತ. ಗೋಡೆಗೆ ಮುಖ ಮಾಡಿ ಮಲಗಿದವಳು ತಿಂಗಳುಗಟ್ಟಲೆ ಏಳಲಿಲ್ಲ. ಅತ್ತೆ ಅವಳ ತಲೆ ಬಾಚುತ್ತಿದ್ದರು, ತುತ್ತು ಮಾಡಿ ಬಾಯಿಗಿಡುತ್ತಿದ್ದರು, ಕೆಳಗೆ ಯಾರಾದರೂ ಕೇಳಿದರೆ "ಜ್ವರ" ಎನ್ನುತ್ತಿದ್ದರು.

ಡಾಕ್ಟರಮ್ಮ ಅದಕ್ಕೆ ಬೈಪೋಲಾರ್ ಎಂಬ ಹೆಸರು ಹೇಳಿದರು. ಮನೆಯಲ್ಲಿ ಅದು 'ಏರಿಳಿತ' ಎಂದಾಯಿತು. ಲಿಥಿಯಂ ಮಾತ್ರೆ ಬಂತು. ಚೆನ್ನಾಗಿದ್ದೀನಿ ಅನ್ನಿಸಿದರೂ ಬಿಡಬಾರದು, ಬಿಟ್ಟರೆ ಅದು ಮತ್ತೆ ಬರುವ ದಾರಿ ಹುಡುಕುತ್ತದೆ ಎಂದು ಡಾಕ್ಟರಮ್ಮ ಮೂವರನ್ನೂ ಕೂರಿಸಿ ಹೇಳಿದ್ದರು. ಮೆಲ್ಲಮೆಲ್ಲಗೆ ಸೊಸೆ ಎದ್ದು ಕೂತಳು. ಒಂದು ಬೆಳಿಗ್ಗೆ ಷಟರ್ ಸದ್ದಾಯಿತು. ಅತ್ತೆ ಒಲೆಯ ಮುಂದೆ ನಿಂತೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹಾಲು ಉಕ್ಕಿ ಚೆಲ್ಲಿತು, ಚೆಲ್ಲಲಿ ಬಿಡು ಎಂದುಕೊಂಡರು.

ಹೆದರಿಕೆ ಎಂಬುದು ಮಾತ್ರ ಮನೆಯಲ್ಲಿ ಉಳಿದುಬಿಟ್ಟಿತ್ತು. ಸೊಸೆ ಜೋರಾಗಿ ನಕ್ಕರೆ ಗಂಡ ಕೇಳುವನು, "ಮಾತ್ರೆ ತಗೊಂಡ್ಯಾ?" ಹೊಸ ಚಪ್ಪಲಿ ಕೊಂಡರೆ ಅತ್ತೆ ಕೇಳುವರು, "ಮಾತ್ರೆ ತಗೊಂಡ್ಯೇನೇ?" ಒಂದು ದಿನ ಅವಳು ತಟ್ಟೆ ಕೆಳಗಿಟ್ಟು ಇಬ್ಬರನ್ನೂ ನೋಡಿದಳು.

"ನಾನು ನಕ್ಕರೆ ಮಾತ್ರೆ, ಅತ್ತರೆ ಮಾತ್ರೆ, ಅಡುಗೆಗೆ ಉಪ್ಪು ಜಾಸ್ತಿಯಾದ್ರೂ ಮಾತ್ರೆ. ನನಗೆ ಬರೀ ಸಂತೋಷ ಅಂತ ಏನೂ ಇರಬಾರ್ದಾ ಅತ್ತೆ? ನಾನೇ ತಗೊಳ್ತೀನಿ. ನೀವು ಕೇಳ್ಬೇಡಿ. ಕೇಳಿದಾಗೆಲ್ಲ ನಾನು ಮನೆಯವಳಲ್ಲ, ಪೇಷಂಟು ಅನ್ಸುತ್ತೆ."

ಆ ಮಾತು ಇಬ್ಬರಿಗೂ ನಾಟಿತು. ಇನ್ನು ಕೇಳುವುದಿಲ್ಲ ಎಂದು ಅತ್ತೆ ಮಾತು ಕೊಟ್ಟರು. ಕೊಟ್ಟ ಮಾತನ್ನು ನಡೆಸಿದರು ಕೂಡ. ಎಷ್ಟೋ ಸಲ ಪ್ರಶ್ನೆ ನಾಲಿಗೆಯ ತುದಿಗೆ ಬಂದಾಗ ಅದನ್ನು ತಿರುಗಿಸಿ, "ತೆಂಗಿನೆಣ್ಣೆ ತಂದ್ಯೇನೇ?" ಎಂದುಬಿಡುತ್ತಿದ್ದರು. ಮನೆಯಲ್ಲಿ ತೆಂಗಿನೆಣ್ಣೆಯ ಬಾಟಲಿಗಳು ಸಾಲುಗಟ್ಟಿದವು.

ಮಾತ್ರೆ ಸೊಸೆಯನ್ನು ನೆಲಕ್ಕೆ ಇಳಿಸಿತು, ನಿಲ್ಲಿಸಿತು. ಆದರೆ ಅದರ ಜೊತೆಗೆ ಒಂದು ನಡುಕವನ್ನೂ ತಂದಿತು. ಕಾಫಿ ಲೋಟ ಹಿಡಿದರೆ ಕಾಣದಷ್ಟು ಸಣ್ಣದು, ಉಳಿ ಹಿಡಿದರೆ ಎದ್ದು ಕಾಣುವಂಥದು. ಬೆಳಗಿನ ಗೆರೆ ನೀರಿನಲ್ಲಿ ಕಂಡ ದಾರದಂತೆ ಅಲುಗತೊಡಗಿತು. ಮೊದಮೊದಲು ಯಾರೂ ಗಮನಿಸಲಿಲ್ಲ. ಒಂದು ದಿನ ಒಬ್ಬ ಗಿರಾಕಿ ಬಂದ. ಇಸ್ತ್ರಿ ಹಾಕಿದ ಅಂಗಿ, ಮಡಿಸಿದ ಛತ್ರಿ. ನಿವೃತ್ತಿಯಾಗುತ್ತಿದ್ದ ಅಣ್ಣನಿಗೆ ಕೊಡಲೆಂದು ಕೈಗಡಿಯಾರದ ಬೆನ್ನಿಗೆ ಹೆಸರು ಕೆತ್ತಿಸಿದ್ದ. ಭೂತಗನ್ನಡಿ ಕೇಳಿ ಪಡೆದು, ಹಿಂದೆ ಮುಂದೆ ತಿರುಗಿಸಿ ನೋಡಿ, ಕೊನೆಗೆ ಅಂದ:

"ಏನಮ್ಮಾ, ಇದನ್ನ ಬಸ್ಸಲ್ಲಿ ಕೂತ್ಕೊಂಡು ಕೆತ್ತಿದ್ರಾ?"

ಅಂಗಡಿಯಲ್ಲಿದ್ದ ಇನ್ನೊಬ್ಬರು ಕಿಸಕ್ಕನೆ ನಕ್ಕರು. ಸೊಸೆಯೂ ನಕ್ಕಳು, "ಹೌದು ಸಾರ್, ರಸ್ತೆ ಸರಿ ಇರ್ಲಿಲ್ಲ" ಅಂದಳು. ಆದರೆ ಆ ಸಂಜೆ ಊಟಕ್ಕೆ ಕೂತಾಗ ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಇದ್ದಳು.

ಅತ್ತೆ ತಾವೇ ಕೆತ್ತಿಕೊಡಬಹುದಿತ್ತು. ಕೊಡಲಿಲ್ಲ. ಕೆಲವು ಕಾಲದಿಂದ ಅವರು ಉಳಿಯನ್ನೇ ಮುಟ್ಟಿರಲಿಲ್ಲ. "ಕಣ್ಣು ಮಂಜು ಕಣೇ, ಇನ್ನು ಎಲ್ಲಾ ನೀನೇ" ಎಂದು ಸೊಸೆಯ ಮೇಲೆ ಹಾಕಿ, ಕಪ್ಪುಗಳನ್ನು ಮೆರುಗು ಮಾಡುವುದು, ಗಿರಾಕಿಗಳ ಜೊತೆ ಹರಟುವುದು ಎಂದು ಕೂತಿದ್ದರು. ಮಂಜಾಗಿದ್ದುದು ಕಣ್ಣಲ್ಲ. ವಯಸ್ಸಿನ ನಡುಕ ಅವರ ಕೈಗೂ ಬಂದಿತ್ತು. ಅದನ್ನು ಹೇಳಿಕೊಳ್ಳಲು ನಾಚಿಕೆ. ಈ ಬೀದಿಯಲ್ಲಿ 'ಅತ್ತೆಯ ಕೈ' ಎಂದರೆ ಒಂದು ಹೆಸರಿತ್ತು.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ಒಂದು ಯಂತ್ರ ಕೂತಿತ್ತು. ಅತ್ತೆಯ ಗಂಡ ಬದುಕಿದ್ದಾಗ ತಂದದ್ದು. ಅಕ್ಷರಗಳ ದೊಡ್ಡ ಅಚ್ಚುಗಳನ್ನು ಸಾಲಾಗಿ ಜೋಡಿಸಿ, ಅವುಗಳ ಕಾಲುವೆಯಲ್ಲಿ ಒಂದು ಕಡ್ಡಿಯನ್ನು ಓಡಿಸಿದರೆ, ಯಂತ್ರದ ಇನ್ನೊಂದು ತೋಳು ಅದೇ ಅಕ್ಷರವನ್ನು ಚಿಕ್ಕದಾಗಿ ಲೋಹದ ಮೇಲೆ ಕೊರೆಯುತ್ತದೆ. ಮಡಚುವ ತೋಳುಗಳನ್ನು ನೋಡಿ ಮಗ ಚಿಕ್ಕವನಿದ್ದಾಗ ಅದಕ್ಕೆ 'ಏಡಿ' ಎಂದು ಹೆಸರಿಟ್ಟಿದ್ದ. ಅತ್ತೆ ಅದನ್ನು ಒಂದು ದಿನವೂ ಮುಟ್ಟಿದವರಲ್ಲ. "ಏಡಿ ಗೀಚೋದೂ ಒಂದು ಕೆತ್ತನೇನಾ? ಕೈಯಲ್ಲಿ ಬಲ ಇಲ್ಲದವರ ಕೆಲಸ ಅದು" ಎನ್ನುತ್ತಿದ್ದರು. ಈ ಮಾತನ್ನು ಸೊಸೆ ಎಷ್ಟು ಸಲ ಕೇಳಿದ್ದಳೋ.

ಹೀಗಿರುವಾಗ, ಗಡಿಯಾರದವನು ಬಂದುಹೋದ ಕೆಲವು ವಾರಗಳಿಗೆ, ಒಂದು ಬೆಳಿಗ್ಗೆ ಅತ್ತೆ ಕೆಳಗಿಳಿದು ಬಂದು ತಗಡಿನ ಮೇಲೆ ಕಣ್ಣು ಹಾಯಿಸಿದರು. ಗೆರೆ ನೆಟ್ಟಗಿತ್ತು. ದಾರ ಎಳೆದು ಕಟ್ಟಿದ ಹಾಗೆ. ಮರುದಿನವೂ ಹಾಗೇ. ಅದರ ಮರುದಿನವೂ.

"ಅಯ್ಯೋ ನಮ್ಮಮ್ಮಾ!" ಅತ್ತೆ ಸೊಸೆಯ ಗಲ್ಲ ಹಿಡಿದು ದೃಷ್ಟಿ ತೆಗೆದರು. "ಕೈ ಮೊದಲಿನ ಹಾಗೇ ಆಯ್ತಲ್ಲೇ! ನಾನು ಹೇಳ್ಲಿಲ್ವಾ, ಎಲ್ಲಾ ತಾನಾಗೇ ಸರಿ ಹೋಗುತ್ತೆ ಅಂತ."

ಸೊಸೆ ನಕ್ಕಳು. ಸಂಜೆ ಮಗ ಬಂದ ಕೂಡಲೇ ಅತ್ತೆ ಅವನಿಗೂ ತಗಡು ತೋರಿಸಿದರು. ಅವನಿಗೆ ಗೆರೆಯಲ್ಲಿ ವಿಶೇಷವೇನೂ ಕಾಣದಿದ್ದರೂ ಅಮ್ಮನ ಮುಖ ಕಂಡು ಖುಷಿಪಟ್ಟ. ಆ ರಾತ್ರಿ ಅತ್ತೆ ಕೈಮುಗಿದು ಮಲಗಿದರು. ಕಾಯಿಲೆ ಪೂರ್ತಿ ಬಿಟ್ಟುಹೋಯಿತು ಎಂದೇ ಅವರ ಎಣಿಕೆ. ನಡುಗುವ ಗೆರೆ ಎಂದರೆ ರೋಗ, ನೆಟ್ಟಗಿನ ಗೆರೆ ಎಂದರೆ ಗುಣ. ಒಂದು ಜೀವಮಾನವಿಡೀ ಗೆರೆ ನೋಡಿದವರಿಗೆ ಬೇರೆ ಹೇಗೆ ತೋರೀತು?

ಶಾಲೆಯ ಆಟೋಟದ ಬಹುಮಾನಗಳ ಕೆಲಸ ಬಂದದ್ದು ಆ ದಿನಗಳಲ್ಲೇ. ಪ್ರತಿ ಕಪ್ಪಿನ ಮರದ ಬುಡಕ್ಕೆ ಒಂದೊಂದು ಹಿತ್ತಾಳೆಯ ಪಟ್ಟಿ, ಪಟ್ಟಿಯ ಮೇಲೆ ಆಟದ ಹೆಸರು, ಕೆಳಗೆ ಪ್ರಥಮ, ದ್ವಿತೀಯ, ತೃತೀಯ. ಸೊಸೆ ಹಗಲಿಡೀ ಕೂತಳು. ಅತ್ತೆ ಏಳುವ ಹೊತ್ತಿಗೆ ಷಟರ್ ಎತ್ತಿಯಾಗಿರುತ್ತಿತ್ತು. ಒಂದು ದಿನ ಕಪಾಟುಗಳನ್ನೆಲ್ಲ ಜಾಗ ಬದಲಿಸಿದ್ದಳು. ಇನ್ನೊಂದು ದಿನ ಎದುರಂಗಡಿಯ ಚಪ್ಪಲಿ ವ್ಯಾಪಾರಿಗೆ, ಕೇಳದೆಯೇ, ಹಿತ್ತಾಳೆಯಲ್ಲಿ ನಾಮಫಲಕ ಮಾಡಿಕೊಟ್ಟಳು. "ಹುರುಪು ಬಂದಿದೆ" ಎಂದು ಅತ್ತೆ ಅಂದುಕೊಂಡರು. ಆ ಪದವನ್ನು ಹಿಂದೆಯೂ ಒಮ್ಮೆ ಅಂದುಕೊಂಡಿದ್ದೆ ಎಂಬುದು ಮನಸ್ಸಿನ ಅಂಚಿಗೆ ಬಂದು ಹೋಯಿತು. ಅವರು ತೆಂಗಿನೆಣ್ಣೆ ಬೇಕೇನೇ ಎಂದು ಕೇಳಿ ಸುಮ್ಮನಾದರು.

ಸಮಾರಂಭದ ಹಿಂದಿನ ದಿನ ಬೆಳಿಗ್ಗೆ ಆಟದ ಮೇಷ್ಟ್ರು ಬಂದರು. ಕೊರಳಲ್ಲಿ ಸೀಟಿ, ಕಂಕುಳಲ್ಲಿ ರಟ್ಟಿನ ಪೆಟ್ಟಿಗೆ. ಕಪ್ಪುಗಳು ಮೇಜಿನ ಮೇಲೆ ಫಳಫಳ ಹೊಳೆಯುತ್ತಿದ್ದವು. ಮೇಷ್ಟ್ರು ಒಂದನ್ನು ಎತ್ತಿ ಓದಿದರು, "ಉದ್ದ ಜಿಗಿತ, ಪ್ರಥಮ. ಭೇಷ್." ಇನ್ನೊಂದನ್ನು ಎತ್ತಿದರು. "ಉದ್ದ ಜಿಗಿತ, ಪ್ರಥಮ." ಮೂರನೆಯದು. "ಉದ್ದ ಜಿಗಿತ... ಪ್ರಥಮ?" ಅವರು ಕನ್ನಡಕ ಸರಿಮಾಡಿಕೊಂಡು ಸಾಲಿನ ಉದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತ ಹೋದರು. ಎಲ್ಲವೂ ಪ್ರಥಮ.

"ಇದೇನಮ್ಮಾ ಇದು! ನಮ್ಮ ಶಾಲೇಲಿ ಎರಡನೇದು ಬಂದವರೇ ಇಲ್ವಾ?"

"ಯಾಕೆ ಬರ್ಬೇಕು ಸಾರ್?" ಸೊಸೆ ಎದ್ದು ನಿಂತಳು. ಕಣ್ಣು ಮಿಂಚುತ್ತಿತ್ತು, ಮಾತು ಒಂದರ ಹಿಂದೊಂದು ನುಗ್ಗಿ ಬಂತು. "ಎಲ್ಲಾ ಮಕ್ಳೂ ಓಡಿದ್ವು ತಾನೇ? ಉಸಿರು ಎಲ್ಲರದ್ದೂ ಹೋಯ್ತು ತಾನೇ? ಒಂದು ಮಗೂಗೆ ದೊಡ್ಡ ಅಕ್ಷರ, ಇನ್ನೊಂದು ಮಗೂಗೆ ಸಣ್ಣ ಮುಖ, ಇದ್ಯಾವ ನ್ಯಾಯ? ನಾನು ಯೋಚಿಸಿದೆ ಸಾರ್, ಎಲ್ಲಾ ಶಾಲೆಗೂ ಹೀಗೇ ಮಾಡ್ಬೇಕು, ಒಂದೊಂದು ಊರಿಗೂ ಹೋಗಿ ನಾನೇ ಹೇಳ್ತೀನಿ, ಮಂತ್ರಿಗಳಿಗೂ ಬರೀತೀನಿ..."

ಮೇಷ್ಟ್ರು ಬಾಯಿ ತೆರೆದು ಅತ್ತೆಯ ಕಡೆ ನೋಡಿದರು. ಅತ್ತೆ ಕಪ್ಪೊಂದನ್ನು ಕೈಗೆತ್ತಿಕೊಂಡಿದ್ದರು. ಪಟ್ಟಿಯ ಮೇಲಿನ 'ಪ್ರಥಮ'ದಲ್ಲಿ ಒಂದು ಅಲುಗಾಟವಿಲ್ಲ, ಒಂದು ತಪ್ಪಿಲ್ಲ. ಇಡೀ ಬದುಕಿನಲ್ಲಿ ತಾವು ಕೂಡ ಇಷ್ಟು ಚೆಂದವಾಗಿ ಕೆತ್ತಿರಲಿಲ್ಲ. ನೆಟ್ಟಗಿನ ಗೆರೆಯನ್ನು ಕಂಡು ಗಲ್ಲ ಹಿಡಿದದ್ದು, ಮಗನಿಗೆ ತಗಡು ತೋರಿಸಿದ್ದು, ಕೈಮುಗಿದು ಮಲಗಿದ್ದು ಎಲ್ಲವೂ ಕಣ್ಮುಂದೆ ಬಂತು. ಅದರ ಹಿಂದೆಯೇ ಸ್ಟೇಷನ್ನಿನ ಬೆಂಚು, ಬರಿಗಾಲು.

"ಮೇಷ್ಟ್ರೇ, ತಪ್ಪು ನಮ್ಮದು. ನಾಳೆ ಸಮಾರಂಭದ ಹೊತ್ತಿಗೆ ಸರಿ ಮಾಡಿಕೊಡ್ತೀನಿ" ಅಂದರು.

ಮೇಷ್ಟ್ರು ರೇಗಬಹುದಿತ್ತು. ಮಾತು ಹುಟ್ಟಿದ್ದೂ ತುಟಿಯಲ್ಲಿ ಕಂಡಿತು. ಆದರೆ ಅತ್ತೆಯ ಮುಖವನ್ನೂ, ಇನ್ನೂ ಮಾತಾಡುತ್ತಲೇ ಇದ್ದ ಸೊಸೆಯನ್ನೂ ನೋಡಿ ಅವರು ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. "ಪುಟಾಣಿಗಳ ಓಟದ ಕಪ್ಪುಗಳನ್ನ ಹಾಗೇ ಬಿಡಿ ಅತ್ತೆ" ಅಂದರು. "ಅದರಲ್ಲಿ ಅರ್ಧ ಮಕ್ಕಳು ಅಮ್ಮನ ಕಡೆಗೆ ಓಡಿದ್ವು, ಉಳಿದರ್ಧ ಐಸ್‌ಕ್ರೀಮ್ ಗಾಡಿ ಕಡೆಗೆ. ಯಾರು ಮೊದಲು ಅಂತ ನನಗೂ ಗೊತ್ತಾಗ್ಲಿಲ್ಲ. ಅವಕ್ಕೆಲ್ಲ ಪ್ರಥಮಾನೇ ಸರಿ." ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು ಹೊರಟುಹೋದರು. ಆ ಒಂದು ಮಾತಿಗೆ ಅತ್ತೆ ಆಮೇಲೆ ಬಹಳ ದಿನ ಅವರನ್ನು ನೆನೆದರು.

ಅತ್ತೆ ಷಟರನ್ನು ಅರ್ಧಕ್ಕೆ ಇಳಿಸಿದರು. ಸೊಸೆ ಕಪ್ಪುಗಳನ್ನು ಇನ್ನೊಂದು ಬಗೆಯಲ್ಲಿ ಜೋಡಿಸುತ್ತಿದ್ದಳು.

"ನೋಡೇ ಮಗಳೇ, ಮಾತ್ರೆ ಕೇಳಲ್ಲ ಅಂತ ಮಾತು ಕೊಟ್ಟಿದ್ದೀನಿ, ಕೇಳಲ್ಲ" ಅಂದರು ಅತ್ತೆ. "ಕೈ ಕೇಳ್ತೀನಿ. ಕೈ ಹೆಂಗೆ ನಿಂತಿತು?"

ಸೊಸೆ ತಿರುಗದೆಯೇ ಹೇಳಿದಳು. "ನಿಮಗೆ ಗೊತ್ತಾಗಿದೆ."

"ನಿನ್ನ ಬಾಯಲ್ಲಿ ಕೇಳೋಣ ಅಂತ."

"ಬಿಟ್ಟೆ. ಮೊದಲು ಮುಖ್ಯ ಕೆಲಸ ಇದ್ದ ದಿನ ಬಿಡ್ತಿದ್ದೆ. ಆಮೇಲೆ ಎಲ್ಲಾ ದಿನಾನೂ ಮುಖ್ಯ ಅನ್ನಿಸ್ತು." ಅವಳು ಗಿರಕ್ಕನೆ ತಿರುಗಿದಳು. "ಬಿಟ್ಟಿದ್ದಕ್ಕೆ ಏನಾಯ್ತು? ಕೈ ಬಂತು. ನೀವೇ ಗಲ್ಲ ಹಿಡಿದ್ರಿ. ಮಾತ್ರೆ ತಗೊಂಡು ಬಸ್ಸಲ್ಲಿ ಕೂತಿದ್ದಾಗ ಯಾರಾದ್ರೂ ಗಲ್ಲ ಹಿಡಿದ್ರಾ? ನಿಮಗೆಲ್ಲ ನಾನು ಮಂಕಾಗಿ ಮೂಲೇಲಿ ಕೂತ್ರೆ ನೆಮ್ಮದಿ. ನಾನು ಮಾತಾಡಿದ್ರೆ ಭಯ, ನಕ್ರೆ ಭಯ, ನನ್ನ ಕೈ ಮಾತ್ರ ಬೇಕು, ನಾನು ಬೇಡ!"

ಆ ಮಾತಿನಲ್ಲಿ ಕಾಯಿಲೆ ಎಷ್ಟು, ನಿಜ ಎಷ್ಟು ಎಂದು ಬೇರ್ಪಡಿಸಲು ಅತ್ತೆಯಿಂದಾಗಲಿಲ್ಲ. ವಾದಕ್ಕೆ ನಿಂತರೆ ಇವಳು ಷಟರಿನ ಅಡಿಯಿಂದ ಬಗ್ಗಿ ಬೀದಿಗೆ ನಡೆದುಬಿಡುತ್ತಾಳೆ ಎಂಬುದಷ್ಟು ತಿಳಿಯಿತು. ಮಗನಿಗೆ ಫೋನ್ ಮಾಡಿ, "ಕೆಲಸ ಬಿಟ್ಟು ಬಾರಪ್ಪಾ" ಎಂದಷ್ಟೇ ಹೇಳಿದರು. ಆಮೇಲೆ ಕಪ್ಪೊಂದರ ಬುಡದಿಂದ ಪಟ್ಟಿಯ ಸಣ್ಣ ಮೊಳೆಗಳನ್ನು ಕಿತ್ತು, ಹೊಸ ಪಟ್ಟಿಯೊಂದನ್ನು ಕೆತ್ತುವಾಗ ಆಸರೆಗಿಡುವ ಮರಳುಚೀಲದ ಮೇಲಿಟ್ಟು, ಬಹಳ ಕಾಲದ ಮೇಲೆ ಉಳಿ ಹಿಡಿದು ಕೂತರು. ಬೆಳಗಿನ ಗೆರೆಯನ್ನೂ ಎಳೆಯಲಿಲ್ಲ. ಎಳೆದರೆ ಗುಟ್ಟು ರಟ್ಟಾಗುತ್ತಿತ್ತು.

ಅಕ್ಷರದಲ್ಲಿ ಅದು ರಟ್ಟಾಗದೆ ಇರುತ್ತದೆಯೇ? 'ದ್ವಿತೀಯ'ದ ದಕಾರವೇ ಅಂಕುಡೊಂಕಾಗಿ ಹೋಯಿತು. ತುಟಿ ಕಚ್ಚಿ ಹಿಡಿದರೆ ಇನ್ನೂ ಹೆಚ್ಚಾಯಿತು. ಉಳಿ ಜಾರಿ ಪಟ್ಟಿಯ ಅಂಚಿಗೆ ಹೋಗಿ ನಿಂತಿತು. ಅವರು ಇನ್ನೊಂದು ಪಟ್ಟಿ ತೆಗೆದುಕೊಂಡರು. ಮತ್ತೆ ಅದೇ.

ಹಿಂದೆ ಮುಂದೆ ಓಡಾಡುತ್ತಿದ್ದ ಸೊಸೆ ನಿಂತಳು. ಬಂದು ಭುಜದ ಮೇಲಿಂದ ಬಗ್ಗಿ ನೋಡಿದಳು. ಮೊದಲ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು.

"ಅತ್ತೆ," ಅಂದಳು, ದನಿ ಇದ್ದಕ್ಕಿದ್ದಂತೆ ಸಣ್ಣದಾಗಿ, "ನೀವೂ ಬಸ್ಸಲ್ಲೇ ಕೂತಿದ್ದೀರಾ?"

ಅತ್ತೆ ಉಳಿ ಕೆಳಗಿಟ್ಟರು. "ಹೂಂ ಕಣೇ. ನಿನಗಿಂತ ಮುಂಚೆ ಹತ್ತಿದ್ದು. ಕಣ್ಣು ಮಂಜು ಅಂತ ಸುಳ್ಳು ಹೇಳ್ಕೊಂಡು ಮುಂದಿನ ಸೀಟಲ್ಲೇ ಕೂತಿದ್ದೀನಿ."

ಸೊಸೆಗೆ ನಗು ಬಂತು. ನಗು ನಿಲ್ಲಲಿಲ್ಲ, ನಡುವೆಯೇ ಅದು ಅಳುವಾಯಿತು. ಅವಳು ನೆಲದ ಮೇಲೆ ಕೂತು ಅತ್ತೆಯ ಮಡಿಲಿಗೆ ತಲೆಯಿಟ್ಟಳು. "ತಲೇಲಿ ಒಂದೇ ಸಮ ಓಡ್ತಿದೆ ಅತ್ತೆ. ಚೆನ್ನಾಗೂ ಇದೆ. ಭಯಾನೂ ಆಗ್ತಿದೆ. ಹೋದ ಸಲ ಹೀಗೇ ಶುರುವಾಗಿದ್ದು, ನನಗೆ ನೆನಪಿದೆ. ಹೇಳಿದ್ರೆ ಕೈ ಕಿತ್ಕೊಳ್ತೀರಿ ಅಂತ ಹೇಳ್ಲಿಲ್ಲ."

"ಕೈ ಕಿತ್ಕೊಂಡು ನಾನೇನು ಮಾಡ್ಲಿ, ನನ್ನದೇ ಎರಡು ಕೆಲಸಕ್ಕೆ ಬಾರದ್ದು ಇದೆ" ಅಂದರು ಅತ್ತೆ. ನಡುಗುವ ಬೆರಳುಗಳಿಂದ ಅವಳ ಕೂದಲು ಸವರಿದರು. "ಅದನ್ನ ಹೇಳಿದ್ಯಲ್ಲ ಮಗಳೇ, ಅಷ್ಟು ಸಾಕು. ನಿನಗೆ ಪುಣ್ಯ ಬರ್ಲಿ."

ಮಗ ಎಣ್ಣೆ ಮೆತ್ತಿದ ಕೈಯಲ್ಲೇ ಓಡಿಬಂದ. ಅರ್ಧ ಇಳಿದ ಷಟರಿನ ಅಡಿಯಿಂದ ಬಗ್ಗಿ ನುಗ್ಗಿದ. ಒಳಗೆ ಇಬ್ಬರೂ ನೆಲದ ಮೇಲೆ ಕೂತು ವಕ್ರ ಅಕ್ಷರವನ್ನು ನೋಡುತ್ತಿದ್ದರು. "ಲಿಫ್ಟಲ್ಲಿ ಯಾರಾದ್ರೂ ಸಿಕ್ಕಿಹಾಕ್ಕೊಂಡಿದ್ರೇನೋ, ಪಾಪ" ಅಂದಳು ಸೊಸೆ. "ಇಲ್ಲ," ಅಂದ ಅವನು, ಅವಳ ಪಕ್ಕದಲ್ಲೇ ಕುಕ್ಕರಿಸಿ, "ಸಿಕ್ಕಿಹಾಕ್ಕೊಂಡಿದ್ದೋನು ನಾನೇ, ಈಗ ಬಿಡಿಸ್ಕೊಂಡು ಬಂದೆ." ಮೂವರೂ ಆಗಲೇ ಆಸ್ಪತ್ರೆಗೆ ಹೊರಟರು. ಸೊಸೆ ಆಟೋ ಹತ್ತುವಾಗ ಒಮ್ಮೆ ಹಿಂದೆ ಸರಿದಳು, ಬೇಡ ಅಂದಳು, ಮತ್ತೆ ಹತ್ತಿದಳು. ದಾರಿಯುದ್ದಕ್ಕೂ ಅವಳು ಮಾತಾಡಿದಳು. ಅತ್ತೆ ಅವಳ ಕೈ ಬಿಡಲಿಲ್ಲ.

ಡಾಕ್ಟರಮ್ಮನ ಮೇಜಿನ ಮುಂದೆ ಕೂತಾಗ ಸೊಸೆ ಎಂದಿನಂತೆ ಬ್ಯಾಗನ್ನು ತೊಡೆಯ ಮೇಲಿಟ್ಟು ಅದರ ಕೆಳಗೆ ಕೈ ಸೇರಿಸಿದಳು. ಅತ್ತೆ ಬ್ಯಾಗನ್ನು ಎತ್ತಿ ತಮ್ಮ ಮಡಿಲಿಗೆ ಹಾಕಿಕೊಂಡರು. ಆಗ ಸೊಸೆ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾತ್ರೆ, ನಡುಕ, ಕೈಗಡಿಯಾರ, ಬಸ್ಸು, ಪ್ರಥಮ.

"ನಿಮ್ಮ ಕೈಗಳನ್ನ ನಾನು ಇವತ್ತೇ ನೋಡ್ತಿರೋದು" ಅಂದರು ಡಾಕ್ಟರಮ್ಮ. "ಇಷ್ಟು ದಿನ ಬ್ಯಾಗಿನ ಕೆಳಗೇ ಇದ್ವು. ಹೇಗಿದ್ದೀರಿ ಅಂದಾಗೆಲ್ಲ 'ಚೆನ್ನಾಗಿದ್ದೀನಿ' ಅಂದ್ರಿ, ನಾನೂ ಬರ್ಕೊಂಡೆ. ನೀವು ಕೆತ್ತೋ ಕೆಲಸದವರು ಅಂತ ನಾನೂ ಕೇಳ್ಬೇಕಿತ್ತು." ಅವರು ಬೈಯಲಿಲ್ಲ. ರಕ್ತಪರೀಕ್ಷೆ ಬರೆದರು. ನೀವೇ ಅಳತೆ ಹಾಕಿಕೊಂಡು ಶುರು ಮಾಡಬೇಡಿ, ನಾನು ಹೇಳಿದ ಹಾಗೆ ಮಾಡಿ ಅಂದರು. ನಡುಕಕ್ಕೂ ದಾರಿಗಳಿವೆ, ಮಾತ್ರೆಯ ಅಳತೆ ನೋಡಬಹುದು, ತೆಗೆದುಕೊಳ್ಳುವ ಹೊತ್ತು ಬದಲಿಸಬಹುದು, ಬೇಕಾದರೆ ಇನ್ನೊಂದು ಸಣ್ಣ ಮಾತ್ರೆ ಕೊಡಬಹುದು, ಕಾಫಿ ಕಡಿಮೆ ಮಾಡಿ, ನೀರು ಚೆನ್ನಾಗಿ ಕುಡಿಯಿರಿ ಅಂದರು. ನಡುಕ ಇದ್ದಕ್ಕಿದ್ದ ಹಾಗೆ ಜೋರಾದರೆ, ವಾಂತಿಯೋ ತೂರಾಟವೋ ಆದರೆ ಮಾತ್ರ ಕಾಯದೆ ಓಡಿಬನ್ನಿ ಎಂದು ಎರಡು ಸಲ ಹೇಳಿದರು.

"ಪೂರ್ತಿ ಹೋಗುತ್ತಾ?" ಸೊಸೆ ಕೇಳಿದಳು.

"ಕಡಿಮೆ ಆಗುತ್ತೆ. ಪೂರ್ತಿ ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ." ಡಾಕ್ಟರಮ್ಮ ಅತ್ತೆಯ ಕಡೆ ತಿರುಗಿ, "ನಿಮ್ಮ ಕೈ ಯಾಕೆ ಸೆರಗಿನೊಳಗೆ ಹೋಯ್ತು?" ಎಂದರು. ಮಗ ಗೊಳ್ಳನೆ ನಕ್ಕುಬಿಟ್ಟ.

ಶಾಲೆಯ ಪಟ್ಟಿಗಳನ್ನು ಮರುದಿನ ಮುಗಿಸಿದ್ದು ಏಡಿ. ಬೆಡ್‌ಶೀಟ್ ಎಳೆದಾಗ ಎದ್ದ ಧೂಳಿಗೆ ಅತ್ತೆ ಸೀನಿ ಸೀನಿ ಸುಸ್ತಾದರು. ಮಗ ತೋಳುಗಳಿಗೆ ಎಣ್ಣೆ ಬಿಟ್ಟು ಸರಿಮಾಡಿಕೊಟ್ಟ, ಅತ್ತೆ ಅಚ್ಚುಗಳನ್ನು ಜೋಡಿಸಿ ಕಡ್ಡಿ ಓಡಿಸಿದರು. ಕೈ ನಡುಗಿದರೂ ಕಡ್ಡಿ ಕಾಲುವೆಯನ್ನು ಬಿಟ್ಟು ಹೋಗಲಿಲ್ಲ. ಅಷ್ಟಿಷ್ಟು ಅಲುಗಿದ್ದು ಪಟ್ಟಿಯ ಮೇಲೆ ಚಿಕ್ಕದಾಗಿ ಇಳಿಯುವಾಗ ಕಣ್ಣಿಗೇ ಕಾಣದಷ್ಟಾಯಿತು. ಒಂದು 'ದ್ವಿತೀಯ' ಮುಗಿಸಿ ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ತಮ್ಮ ಕೈಯದರಷ್ಟು ಜೀವ ಅದರಲ್ಲಿರಲಿಲ್ಲ. ಆದರೆ ನೆಟ್ಟಗಿತ್ತು. ಬೆಡ್‌ಶೀಟನ್ನು ಮಡಚಿ ಒಗೆಯುವ ಬಟ್ಟೆಗೆ ಹಾಕಿದರು. ಅದು ಮತ್ತೆ ಏಡಿಯ ಮೇಲೆ ಬರಲಿಲ್ಲ.

ಎಲ್ಲವೂ ಒಂದೇ ಏಟಿಗೆ ಸರಿಹೋಯಿತು ಎಂದೇನೂ ಅಲ್ಲ. ಸೊಸೆ ಮೊದಲು ಬಹಳ ನಿದ್ದೆ ಮಾಡಿದಳು. ಆಮೇಲೆ ಕೆಲವು ವಾರ ಮಂಕಾಗಿ, ಯಾರ ಜೊತೆಗೂ ಮಾತು ಬೇಡವಾಗಿ ಕೂತಳು. ಒಮ್ಮೆ ಗುಳಿಗೆಯ ಡಬ್ಬಿಯನ್ನು ಗೋಡೆಗೆ ಎಸೆದಳು. ತಾನೇ ಎದ್ದು ಹೆಕ್ಕಿದಳು. ಅತ್ತೆ ಅವಳ ತಲೆ ಬಾಚಿದರು. ಈ ಸಲ ಕೆಳಗೆ ಚಪ್ಪಲಿ ವ್ಯಾಪಾರಿ ಕೇಳಿದಾಗ ಜ್ವರ ಎನ್ನಲಿಲ್ಲ. "ಮನಸ್ಸಿನ ಕಾಯಿಲೆ ಅಣ್ಣಾ, ಔಷಧಿ ನಡೀತಿದೆ, ಬರ್ತಾಳೆ" ಅಂದರು. ಅವನು ತನ್ನ ಅಂಗಡಿಯ ಹಿತ್ತಾಳೆ ಫಲಕದ ಕಡೆ ತಿರುಗಿ ನೋಡಿ, "ಅವಳು ಮಾಡಿಕೊಟ್ಟ ಬೋರ್ಡು ತೆಗೀಬೇಕಾ ಅತ್ತೆ?" ಎಂದು ಕೇಳಿದ. "ಯಾಕೆ ತೆಗೀತೀಯಾ? ಚೆನ್ನಾಗಿದೆ, ಇರ್ಲಿ" ಅಂದರು. ಹೋದ ಸಲದಂತೆ ತಿಂಗಳುಗಟ್ಟಲೆ ಆಗಲಿಲ್ಲ. ರೈಲಿಲ್ಲ, ಬೆಂಚಿಲ್ಲ. ಇದನ್ನು ನೆನೆದಾಗಲೆಲ್ಲ ಅತ್ತೆ ಮನಸ್ಸಿನಲ್ಲೇ ಒಬ್ಬೊಬ್ಬರಿಗೂ ಕೈಮುಗಿಯುತ್ತಿದ್ದರು: ಮೇಷ್ಟ್ರಿಗೆ, ಡಾಕ್ಟರಮ್ಮನಿಗೆ, ಓಡಿಬಂದ ಮಗನಿಗೆ, ತೀರಿಹೋದ ಗಂಡನಿಗೆ. ಆ ಮನುಷ್ಯ ಏಡಿ ತಂದ ದಿನ ತಾನು ಅವನ ಜೊತೆ ಮಾತು ಬಿಟ್ಟಿದ್ದೂ ನೆನಪಾಗಿ ನಗು ಬರುತ್ತಿತ್ತು.

ಒಂದು ಬೆಳಿಗ್ಗೆ ಹಾಲು ಕಾಯುತ್ತಿದ್ದಾಗ ಕೆಳಗೆ ಗಡಗಡ ಸದ್ದಾಯಿತು. ಅತ್ತೆ ಒಲೆ ಆರಿಸಿ ಇಳಿದು ಬಂದರು. ಸೊಸೆ ತಗಡನ್ನು ಮುಂದಿಟ್ಟುಕೊಂಡು ಕೂತಿದ್ದಳು. ಅತ್ತೆಗಿಂತ ಮೊದಲೇ ಅಂಗಡಿಗೆ ಒಬ್ಬ ಗಿರಾಕಿ ಕಾಲಿಟ್ಟಿದ್ದ. ಇಸ್ತ್ರಿ ಹಾಕಿದ ಅಂಗಿ, ಮಡಿಸಿದ ಛತ್ರಿ. ಈ ಸಲ ಒಂದು ಪೆನ್ನು ತಂದಿದ್ದ.

"ಹೆಸರು ಹಾಕ್ಬೇಕಿತ್ತು" ಅಂದ. "ಆದ್ರೆ ನೋಡಿಮ್ಮಾ, ಬಸ್ಸಲ್ಲಿ ಕೂತ್ಕೊಂಡು ಮಾತ್ರ ಬೇಡ."

ಅತ್ತೆ ಮುಂದೆ ಬರಲು ಹೊರಟವರು ನಿಂತರು. ಸೊಸೆ ತಲೆಯೆತ್ತಿ ಅವನನ್ನು ನೋಡಿದಳು.

"ಬಸ್ಸಲ್ಲೇ ಸಾರ್" ಅಂದಳು. "ನಾನು ಒಂದು ಮಾತ್ರೆ ತಗೊಳ್ತೀನಿ, ಅದಕ್ಕೆ ಕೈ ಸ್ವಲ್ಪ ನಡುಗುತ್ತೆ. ಪೆನ್ನಿನ ಹೆಸರನ್ನ ಆ ಏಡಿ ಯಂತ್ರ ಹಾಕುತ್ತೆ, ಅದು ನೆಟ್ಟಗೆ ಓಡಿಸುತ್ತೆ. ನಿಮಗೆ ಕೈಯಿಂದಲೇ ಬೇಕು ಅಂದ್ರೆ ಸ್ವಲ್ಪ ಕುಲುಕುತ್ತೆ. ಯಾವುದು ಬೇಕು ಹೇಳಿ."

ಗಿರಾಕಿ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಅಯ್ಯೋ, ನನಗೆ ಗೊತ್ತಿರ್ಲಿಲ್ಲಮ್ಮಾ" ಅಂದ. ಪೆನ್ನನ್ನು ಮೇಜಿನ ಮೇಲಿಟ್ಟು, "ನಮ್ಮಣ್ಣ ಆ ಗಡಿಯಾರಾನ ಕೈಯಿಂದ ಬಿಚ್ಚೋದೇ ಇಲ್ಲ" ಅಂದ. "ಹೆಸರು ಬೆನ್ನಿಗಿದೆಯಲ್ಲ, ಅವನಿಗೆ ಕಾಣೋದೂ ಇಲ್ಲ. ನೀವು ಏಡಿಯಿಂದಲೇ ಹಾಕಿ. ಸಂಜೆ ಬರ್ತೀನಿ."

ಅವನು ಹೋದ ಮೇಲೆ ಸೊಸೆ ಉಳಿ ಹಿಡಿದು ತಗಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಊದಿ, ಹಿತ್ತಾಳೆ ಪುಡಿಯನ್ನು ಹಾರಿಸಿ, ತಗಡನ್ನು ಅತ್ತೆಯ ಕಡೆಗೆ ಸರಿಸಿದಳು. ಗೆರೆ ನಡುಗಿತ್ತು. ಮೊದಲಿನಷ್ಟಲ್ಲ, ಆದರೂ ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಸಣ್ಣಗೆ ಅಲುಗಿದ್ದು ಕಾಣುತ್ತಿತ್ತು. ಅತ್ತೆ ಅದರ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಓಡಿಸಿದರು, ಮಗುವಿನ ಜ್ವರ ಇಳಿದಿದೆಯೇ ಎಂದು ಹಣೆ ಮುಟ್ಟಿ ನೋಡುವ ಹಾಗೆ. ಈ ಸಲ ಅವರು ಏನನ್ನೂ ಕೇಳಬೇಕಾಗಲಿಲ್ಲ.

"ಚೆನ್ನಾಗಿದೆ" ಅಂದರು.

"ನಿಮ್ಮದು ಎಳೀರಿ ಈಗ" ಎಂದು ಸೊಸೆ ಉಳಿಯನ್ನು ಅವರ ಕೈಗೆ ಕೊಟ್ಟಳು.

ಅತ್ತೆ ಅವಳ ಗೆರೆಯ ಕೆಳಗೆ ತಮ್ಮದೊಂದನ್ನು ಎಳೆದರು. ಅದು ಇನ್ನೂ ಅಂಕುಡೊಂಕಾಗಿ ಹೋಯಿತು. ಇಬ್ಬರೂ ಬಗ್ಗಿ ನೋಡಿದರು.

"ನಿಮ್ಮ ರಸ್ತೆ ನನ್ನದಕ್ಕಿಂತ ಹಾಳಾಗಿದೆ ಅತ್ತೆ" ಅಂದಳು ಸೊಸೆ.

ಅತ್ತೆ ಜೋರಾಗಿ ನಕ್ಕರು. ಸೊಸೆಯೂ ನಕ್ಕಳು. ಎದುರಂಗಡಿಯಿಂದ ಚಪ್ಪಲಿ ವ್ಯಾಪಾರಿ ಏನಾಯಿತೆಂದು ಇಣುಕಿ ನೋಡಿದ. ಎಂದಿನಂತೆ ತಗಡನ್ನು ತಿಕ್ಕಿ ನುಣುಪು ಮಾಡಲು ಸೊಸೆ ಮರಳುಕಾಗದ ತೆಗೆದಳು. "ಇರ್ಲಿ ಬಿಡೇ, ಇವತ್ತೊಂದಿನ" ಎಂದು ಅತ್ತೆ ತಗಡನ್ನು ಎತ್ತಿ ಕಪಾಟಿನಲ್ಲಿ ಕಪ್ಪುಗಳ ನಡುವೆ ಒರಗಿಸಿಟ್ಟು, ಆರಿಹೋಗಿದ್ದ ಹಾಲು ಬಿಸಿಮಾಡಲು ಮೆಟ್ಟಿಲು ಹತ್ತಿದರು.